ಬಿಸಿಲು ಮನೆ ಮುಟ್ಟುವ ದಾರಿ

ಬೆಳಗಾವಿಯ ಖಡೇ ಬಜಾರಿನಲ್ಲಿ ಬೆಳಗಿನ ಹೊತ್ತು ಅಂಗಡಿಗಳ ಶಟರುಗಳು ಒಂದರ ಹಿಂದೊಂದು ಏಳುತ್ತವೆ. ಆ ಗರಗರ ಸದ್ದಿನ ಬೆನ್ನಿಗೇ ಊದಿನಕಡ್ಡಿಯ ಹೊಗೆ, ಮೆಟ್ಟಿಲಿಗೆ ಚಿಮುಕಿಸಿದ ನೀರಿನ ತಂಪು, ಎದುರಿನ ಗಾಡಿಯಲ್ಲಿ ಶುಂಠಿ ಜಜ್ಜಿ ಕುದಿಸಿದ ಚಹಾದ ಘಮ. ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯ ಕಟ್ಟೆಗೆ ಒರಗಿ ನಿಂತರೆ ಕೆಂಪು, ಕಪ್ಪು, ಹಸಿರು ವೈರಿನ ಸುರುಳಿಗಳ ಹೊಸ ವಾಸನೆ ಮೂಗಿಗೆ ಬಡಿಯುತ್ತದೆ. ಕನ್ನಡದಲ್ಲಿ ಶುರುವಾದ ಚೌಕಾಸಿ ಮರಾಠಿಗೆ ಹೊರಳಿ, ಲೆಕ್ಕ ಹಿಂದಿಯಲ್ಲಿ ಮುಗಿಯುವ ಈ ಕಟ್ಟೆಗೆ ಈಚಿನ ವರ್ಷಗಳಲ್ಲಿ ಹೊಸ ಗಿರಾಕಿಗಳು ಬರತೊಡಗಿದ್ದಾರೆ. ಖಾನಾಪುರದ ಕಡೆಯ ಬಸ್ಸಿಳಿದು ಬಂದವರು, ಮಗನೋ ಮೊಮ್ಮಗನೋ ಮೊಬೈಲು ನೋಡಿ ಬರೆದುಕೊಟ್ಟ ಚೀಟಿಯನ್ನು ಕಿಸೆಯಿಂದ ತೆಗೆದು ಕಟ್ಟೆಯ ಮೇಲೆ ಹರವುತ್ತಾರೆ: ಪ್ಲೇಟು ಒಂದು, ಬ್ಯಾಟರಿ ಒಂದು, ಚಾರ್ಜ್ ಕಂಟ್ರೋಲರ್ ಒಂದು, ಇನ್ವರ್ಟರ್ ಒಂದು. ಎಲ್ಲ ಕಟ್ಟಿಸಿಕೊಂಡ ಮೇಲೆ, ‘ಹಾಂ, ವೈರೂ ಬೇಕ್ರಿ’ ಅನ್ನುತ್ತಾರೆ. ವೈರಿನ ದಪ್ಪ ಎಷ್ಟಿರಬೇಕೆಂದು ಚೀಟಿಯಲ್ಲಿ ಬರೆದಿರುವುದಿಲ್ಲ.

ಅದೇ ಕಟ್ಟೆಯ ಮೂಲೆಯಲ್ಲಿ ಚಹಾ ಹೀರುತ್ತ ನಿಂತ ತರುಣನ ಜೊತೆ ಇವತ್ತು ನಾವು ಹೊರಟಿದ್ದೇವೆ. ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಮೋಟಾರುಗಳ ಕೆಲಸ ಕಲಿತು, ಈಗ ಸ್ವಂತಕ್ಕೆ ರಿಪೇರಿ ಹಿಡಿದಿರುವ ಇವನನ್ನು ಜನ ಮಿಸ್ತ್ರಿ ಅಂತಲೇ ಕರೆಯುತ್ತಾರೆ. ಹೆಗಲ ಚೀಲದಲ್ಲಿ ಮಲ್ಟಿಮೀಟರು, ತಂತಿಯನ್ನು ಬಾಯಲ್ಲಿ ಹಿಡಿದು ಆಂಪ್ಸ್ ತೋರಿಸುವ ಕ್ಲಾಂಪ್ ಮೀಟರು, ಬ್ಯಾಟರಿಯ ಆಸಿಡ್ ಅಳೆಯುವ ಗಾಜಿನ ಹೈಡ್ರೋಮೀಟರು, ಪಾನಾ, ಪಕ್ಕಡ, ಸವೆದ ಟೂತ್‌ಬ್ರಷ್ಷು, ಒಂದು ಡಬ್ಬಿ ವ್ಯಾಸಲೀನು. ಜಾಂಬೋಟಿಯ ಆಚೆಯ ಹಳ್ಳಿಯಿಂದ ನಿವೃತ್ತ ಶಾಲಾ ಮಾಸ್ತರರೊಬ್ಬರು ಫೋನು ಮಾಡಿದ್ದಾರೆ. ಬೇಸಿಗೆಯಲ್ಲಿ ತಾವೇ ಕೂಡಿಸಿದ ಸೋಲಾರು ಮಳೆಗಾಲ ಮುಗಿಯುವಷ್ಟರಲ್ಲಿ ಸೊರಗಿದೆ. ‘ರಾತ್ರಿ ಎಂಟಕ್ಕ ಲೈಟು ಹೋಗ್ತಾವ ತಮ್ಮಾ. ಬ್ಯಾಟರಿ ಸತ್ತೈತಿ. ಬರೂಮುಂದ ಹೊಸಾದೊಂದು ತಗೊಂಡು ಬಾ’ ಎಂದಿದ್ದಾರೆ.

ಮಿಸ್ತ್ರಿ ಬ್ಯಾಟರಿ ಕೊಳ್ಳಲಿಲ್ಲ. ‘ಮಾಸ್ತರ್ರ, ದನದ ಕೊಟಗಿಯಿಂದ ಮನೀಗೆ ಎಷ್ಟ ದೂರ ಐತ್ರಿ? ವೈರಿನ ಮ್ಯಾಲೆ ಏನ ಬರದೈತಿ ಓದ್ರಿ’ ಎಂದು ಮರಳಿ ಫೋನು ಮಾಡಿ ಕೇಳಿದ. ಉತ್ತರ ಕೇಳಿಸಿಕೊಂಡು ಎರಡು ಕ್ಯಾನು ಬ್ಯಾಟರಿ ನೀರು ಕೊಂಡ. ದಪ್ಪ ವೈರಿನ ಸುರುಳಿಯೊಂದನ್ನು ಬೇಡವಾದರೆ ವಾಪಸು ಕೊಡುವ ಮಾತಿನ ಮೇಲೆ ಎತ್ತಿಕೊಂಡ. ‘ಮೊದ್ಲ ಅಳದ ನೋಡೂಣ್ರಿ. ಬ್ಯಾಟರಿ ಅಂದ್ರ ಹದಿನೈದು ಸಾವಿರದ ಮಾತು.’

ಊರು ಬಿಡುವಾಗ ತಿಳಕವಾಡಿಯ ತಾರಸಿಗಳತ್ತ ಕಣ್ಣು ಹಾಯಿಸಿ. ನೀರಿನ ಟಾಕಿಗಳ ಪಕ್ಕದಲ್ಲಿ ದಕ್ಷಿಣಕ್ಕೆ ಮುಖಮಾಡಿದ ಕಡುನೀಲಿ ಹಲಗೆಗಳ ಸಾಲು ಎಳೆಬಿಸಿಲಿಗೆ ಮಿನುಗುತ್ತಿದೆ. ಇವು ಬೇರೆ ಜಾತಿಯವು. ವಿದ್ಯುತ್ ಕಂಪನಿ ಹೆಸ್ಕಾಂನ ಲೈನಿಗೆ ಕೂಡಿಕೊಂಡಂಥವು. ಮನೆ ಬಳಸಿ ಮಿಕ್ಕ ಕರೆಂಟು ಲೈನಿಗೆ ಹೋಗುತ್ತದೆ, ಕಡಿಮೆ ಬಿದ್ದಾಗ ಲೈನಿನಿಂದ ಮನೆಗೆ ಬರುತ್ತದೆ, ಎರಡನ್ನೂ ಮೀಟರು ಬರೆದಿಡುತ್ತದೆ. 2024ರ ಫೆಬ್ರುವರಿಯಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆ ದೇಶದ 1 ಕೋಟಿ ಮನೆಗಳ ಮೇಲೆ ಇಂಥವನ್ನು ಕೂಡಿಸುವ ಗುರಿ ಇಟ್ಟುಕೊಂಡಿದೆ. 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟವಕ್ಕೆ ಒಟ್ಟು 78,000 ರೂಪಾಯಿ ಸಹಾಯಧನ. ಇವನ್ನು ನೋಂದಾಯಿತ ಕಂಪನಿಯವರೇ ಕೂಡಿಸಬೇಕು. ಹೊಸದಾಗಿ ಹಾಕಿಸಿಕೊಂಡವರಿಂದ ಮಿಸ್ತ್ರಿಗೆ ಬರುವ ದೂರು ಬಹುಪಾಲು ಒಂದೇ: ಸುಡುವ ಬಿಸಿಲಿದೆ, ಆದರೂ ಲೈನಿನ ಕರೆಂಟು ಹೋದ ಕೂಡಲೇ ಸೋಲಾರೂ ನಿಲ್ಲುತ್ತದೆ. ಅದು ಕೆಟ್ಟದ್ದಲ್ಲ. ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ತಾರಸಿಯ ಕರೆಂಟು ಹೊಡೆಯಬಾರದೆಂದು ಇನ್ವರ್ಟರು ತಾನಾಗಿ ಬಾಯಿ ಮುಚ್ಚಿಕೊಳ್ಳುತ್ತದೆ. ಆ ಮನೆಗಳಲ್ಲಿ ಬ್ಯಾಟರಿ ಇರುವುದಿಲ್ಲ. ನಾವು ಹೊರಟಿರುವ ಮನೆಯಲ್ಲಿ ಬ್ಯಾಟರಿಯೇ ಬಾಳು.

ಪೀರನವಾಡಿ, ಮಚ್ಛೆ, ದೇಸೂರು ಹಿಂದೆ ಸರಿಯುತ್ತವೆ. ಅಕ್ಟೋಬರಿನ ನಡುಭಾಗ. ರಸ್ತೆಯ ಎರಡೂ ಬದಿಗೆ ಭತ್ತ ಹಾಲುದುಂಬಿ ತಲೆ ಬಾಗಿಸಿದೆ. ಸಣ್ಣಕ್ಕಿಯ ಗದ್ದೆ ಬಂದಲ್ಲಿ ಗಾಳಿಗೆ ಅನ್ನದ ಪರಿಮಳ. ಖಾನಾಪುರ ಹತ್ತಿರವಾದಂತೆ ಮಣ್ಣು ಕೆಂಪೇರುತ್ತದೆ. ಹಂಚಿಗೂ ಮಡಕೆಗೂ ಹೆಸರಾದ ಮಣ್ಣು ಇದು. ಕುಂಬಾರಿಕೆ ಕಲಿಸುವ ಖಾದಿ ಗ್ರಾಮೋದ್ಯೋಗ ಆಯೋಗದ ಸಂಸ್ಥೆ ಈ ಊರಿನಲ್ಲೇ ಇದೆ. ಊರಂಚಿನಲ್ಲಿ ಮಲಪ್ರಭೆ ಮಳೆಗಾಲದ ಕೆಂಪು ಕಳೆದುಕೊಂಡು ತಿಳಿಯಾಗುತ್ತಿದ್ದಾಳೆ. ಅವಳು ಹುಟ್ಟುವ ಕಣಕುಂಬಿಯತ್ತಲೇ ನಮ್ಮ ದಾರಿ. ಜಾಂಬೋಟಿ ದಾಟಿದ ಮೇಲೆ ಕಾಡು ರಸ್ತೆಗೆ ಒತ್ತಿಕೊಂಡು ಬರುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುರಿಯುವುದು ಸಹ್ಯಾದ್ರಿಯ ಮಳೆ. ಮರ ಮುರಿದು ತಂತಿಯ ಮೇಲೆ ಬಿದ್ದರೆ ಲೈನು ಸರಿಯಾಗಲು ದಿನಗಳೇ ಬೇಕು. ದಕ್ಷಿಣಕ್ಕೆ ಭೀಮಗಡ ಅಭಯಾರಣ್ಯದೊಳಗೆ ಚದುರಿದ ಹಳ್ಳಿಗಳ ಪಾಡು ಇನ್ನೂ ಕಷ್ಟ. ಹೀಗಾಗಿಯೇ ಇಲ್ಲಿಯ ಜನ ಬಿಸಿಲನ್ನು ನಂಬಿ ಬೆಳಗಾವಿಯ ಕಟ್ಟೆಗೆ ಚೀಟಿ ಹಿಡಿದು ಬರುತ್ತಾರೆ.

ಮಾಸ್ತರರ ಮನೆ ಹಂಚಿನದು. ಸಗಣಿ ಸಾರಿಸಿದ ಅಂಗಳ, ಒಂದು ಮೂಲೆಯಲ್ಲಿ ಒಣಗಲು ಹರವಿದ ಮೆಣಸಿನಕಾಯಿ, ತುಳಸಿಕಟ್ಟೆ, ಆಚೆಗೆ ದನದ ಕೊಟ್ಟಿಗೆ. ಕೊಟ್ಟಿಗೆಯ ತಗಡಿನ ಮೇಲೆ 165 ವ್ಯಾಟಿನ ಪ್ಲೇಟು ಒಂದು. ‘ಬರ್ರಿ ಬರ್ರಿ, ಕುಂದರ್ರಿ. ಮೊದ್ಲ ಚಹಾ ಆಗ್ಲಿ’ ಎಂದು ಮಾಸ್ತರರ ಮನೆಯವರು ಒಳಗಿನಿಂದಲೇ ಕರೆಯುತ್ತಾರೆ. ಮಿಸ್ತ್ರಿ ಅವರಿಗೆ ಕಾಕೂ ಅನ್ನುತ್ತಾನೆ. ‘ಕಾಕೂ, ಚಹಾ ಆಮ್ಯಾಲ. ಬಿಸಲ ಇರೂದ್ರೊಳಗ ಮ್ಯಾಲ ಹತ್ತಿ ಬರ್ತೇನ್ರಿ.’

ಪ್ಲೇಟಿನ ಕೆಳಗಿನ ಅಂಚಿನಲ್ಲಿ ಮಳೆಗಾಲ ಬಿಟ್ಟುಹೋದ ಹಸಿರು ಪಾಚಿ ಬೆರಳಗಲ ಕಟ್ಟಿದೆ. ಮೇಲೆ ಧೂಳು, ಒಂದೆರಡು ಕಡೆ ಹಕ್ಕಿ ಹಿಕ್ಕೆ. ಮಿಸ್ತ್ರಿ ಬಕೆಟ್ಟಿನ ನೀರು, ಮೆತ್ತನೆಯ ಬಟ್ಟೆ ತರಿಸಿಕೊಂಡು ಮೇಲಿಂದ ಕೆಳಗೆ ಸಾವಕಾಶ ಒರೆಸುತ್ತಾನೆ. ಸೋಪಿನ ಪುಡಿಯಾಗಲಿ ಪಾತ್ರೆ ತಿಕ್ಕುವ ನಾರಾಗಲಿ ಬೇಡವೆನ್ನುತ್ತಾನೆ, ಗಾಜಿಗೆ ಗೀರು ಬಿದ್ದರೆ ಅದು ಶಾಶ್ವತ. ಒದ್ದೆ ಗಾಜಿನ ಕೆಳಗೆ ಒಂದಕ್ಕೊಂದು ಸಾಲಾಗಿ ಹೆಣೆದ 36 ಚೌಕಗಳು ಕಪ್ಪಗೆ ತೆರೆದುಕೊಳ್ಳುತ್ತವೆ. ಒಂದೊಂದು ಚೌಕ ಅರ್ಧ ವೋಲ್ಟಿನಷ್ಟು ಹುಟ್ಟಿಸುತ್ತದೆ. ಎಲ್ಲ ಕೂಡಿ ಕೆಲಸ ಮಾಡುವಾಗ 17-18 ವೋಲ್ಟು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಸಿಲಿಕಾನ್ ಕೋಶವನ್ನು ಜಗತ್ತಿಗೆ ತೋರಿಸಿದಾಗ ಅದು ಬಿಸಿಲಿನ ನೂರರಲ್ಲಿ ಆರು ಪಾಲನ್ನು ಕರೆಂಟು ಮಾಡುತ್ತಿತ್ತು. ಈಗ ಅಂಗಡಿಯಲ್ಲಿ ಸಿಗುವ ಒಳ್ಳೆಯ ಪ್ಲೇಟು ಇಪ್ಪತ್ತು ಪಾಲನ್ನು ದಾಟಿದೆ. ಹಿಡಿಯುವ ಕೆಲಸದಲ್ಲಿ ಮನುಷ್ಯ ಇಷ್ಟು ದೂರ ಬಂದಿದ್ದಾನೆ. ಹಿಡಿದದ್ದು ಅಡುಗೆಮನೆಯ ದೀಪದವರೆಗೆ ಬರುವುದೇ ಈ ಮನೆಯಲ್ಲಿ ತೊಡಕಾಗಿದೆ.

ಮಾಸ್ತರರು ಕೈ ಕಟ್ಟಿ ಕೂತವರಲ್ಲ. ತಾವೂ ಒಂದು ಮೀಟರು ಎರವಲು ತಂದು ನೋಡಿದ್ದಾರೆ. ‘ಪ್ಲೇಟಿನ ಬಾಯಾಗ ಇಪ್ಪತ್ತ ವೋಲ್ಟ ಐತಿ. ಒಳಗ ವೈರಿನ ತುದಿಗೂ ಇಪ್ಪತ್ತೇ ಐತಿ. ಅಂದಮ್ಯಾಲ ಪ್ಲೇಟೂ ಛಲೋ, ವೈರೂ ಛಲೋ. ಉಳದದ್ದು ಬ್ಯಾಟರಿ ಅಲ್ಲೇನು?’ ಲೆಕ್ಕ ಕಲಿಸಿದ ಮಾಸ್ತರರ ತರ್ಕ. ಮಿಸ್ತ್ರಿ ಗೌರವದಿಂದ ತಲೆಯಾಡಿಸುತ್ತಾನೆ. ‘ನೀವು ನೋಡಿದ್ದು ಬರೋಬ್ಬರಿ ಐತ್ರಿ ಮಾಸ್ತರ್ರ. ಆದ್ರ ಆಗ ವೈರ ಕಂಟ್ರೋಲರಿಗೆ ಹಚ್ಚಿದ್ದಿಲ್ಲ, ಕರೆಂಟ ಹರೀತಿರಲಿಲ್ಲ. ಈಗ ಹರಿಯೂಮುಂದ ನೋಡೂಣು.’

ವೈರು ಮತ್ತೆ ಕೂಡಿಸಲಾಯಿತು. ಹನ್ನೊಂದು ದಾಟಿದ ಬಿಸಿಲು ತಗಡನ್ನು ಕಾಯಿಸಿದೆ. ಕೊಟ್ಟಿಗೆಯಿಂದ ಹುಲ್ಲಿನ, ಗಂಜಲದ ಬೆಚ್ಚನೆಯ ವಾಸನೆ ಮೇಲೇರುತ್ತಿದೆ. ಕ್ಲಾಂಪ್ ಮೀಟರು 8.8 ಆಂಪಿಯರ್ ತೋರಿಸಿತು. ಪ್ಲೇಟಿನ ಬಾಯಲ್ಲಿ 15.6 ವೋಲ್ಟು. ಮಿಸ್ತ್ರಿ ಏಣಿ ಇಳಿದು, ಅಂಗಳ ದಾಟಿ, ಪಡಸಾಲೆಯ ಗೋಡೆಗೆ ತಗುಲಿಸಿದ, ಬ್ಯಾಟರಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಕಂಟ್ರೋಲರಿನ ಬಾಯಿಗೆ ಮೀಟರಿನ ಕಡ್ಡಿಗಳನ್ನು ಮುಟ್ಟಿಸಿದ: 12.4. ಮಾಸ್ತರರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಕೊಟ್ಟಿಗೆಯಿಂದ ಪಡಸಾಲೆಗೆ 15 ಮೀಟರು, ಹೋಗಿ ಬರುವ ಎರಡು ಎಳೆ ಸೇರಿ 30 ಮೀಟರು. ಅಷ್ಟು ದಾರಿಯಲ್ಲಿ 3.2 ವೋಲ್ಟು ಕಾಣೆ.

ವೈರು 1.5 ಚದರ ಮಿಲಿಮೀಟರಿನದು. ಮನೆಯ ಗೋಡೆಯೊಳಗೆ 230 ವೋಲ್ಟಿನ ದೀಪಗಳಿಗೆ ಎಳೆಯುವುದು ಅದನ್ನೇ. ಅಲ್ಲಿ ಅದು ಸರಿ, ಏಕೆಂದರೆ ಅದೇ ದೀಪಕ್ಕೆ ಅಲ್ಲಿ ಹರಿಯುವ ಆಂಪ್ಸು ಬಹಳ ಕಡಿಮೆ. 12 ವೋಲ್ಟಿನ ಸಂಸಾರದಲ್ಲಿ ವೋಲ್ಟು ಸಣ್ಣದು, ಆಂಪ್ಸು ದೊಡ್ಡದು. ‘ಬಾವಿ ತುಂಬಿ ನೀರೈತಿ, ಪಂಪೂ ಗಟ್ಟಿ ಐತಿ, ತೋಟಕ್ಕ ಮಾತ್ರ ಹುಡುಗೂರು ಆಡೂ ಸಣ್ಣ ಪೈಪ ಹಾಕಿದ್ರ ಹೆಂಗ್ರಿ ಮಾಸ್ತರ್ರ?’ ಎಂದ ಮಿಸ್ತ್ರಿ. ಮಾಸ್ತರರು ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಪೆನ್ಸಿಲಿನಿಂದ ತಾವೇ ಗುಣಿಸಿದರು: 3.2 ಗುಣಿಸು 8.8, ಸುಮಾರು 28 ವ್ಯಾಟು. ವೈರನ್ನು ಬೆಚ್ಚಗೆ ಮಾಡಲಿಕ್ಕೆಂದೇ ಗಟ್ಟಿ ಬಿಸಿಲಿರುವಷ್ಟು ಹೊತ್ತೂ ಅಷ್ಟು ಹೋಗುತ್ತಿತ್ತು. ಹಾನಿ ಅಷ್ಟಕ್ಕೇ ನಿಲ್ಲುವುದಿಲ್ಲ. ಸೀಸ ಮತ್ತು ಆಸಿಡ್ಡಿನ ಬ್ಯಾಟರಿ ಪೂರ್ತಿ ತುಂಬಬೇಕಾದರೆ ಅದರ ಬಾಯಲ್ಲಿ 14.4 ವೋಲ್ಟು ಏರಬೇಕು. ಬಿಸಿಲಿಗೆ ಕಾದ ಪ್ಲೇಟು ಮೊದಲೇ ಒಂದೆರಡು ವೋಲ್ಟು ಕಳೆದುಕೊಂಡಿರುತ್ತದೆ; ಮೇಲೆ ವೈರು ಮೂರು ತಿಂದರೆ ಬ್ಯಾಟರಿ ಹದಿಮೂರರ ಆಸುಪಾಸು ಬಂದು ಅಲ್ಲೇ ತಡವರಿಸುತ್ತದೆ. ತಿಂಗಳುಗಟ್ಟಲೆ ಅದಕ್ಕೆ ಅರೆಹೊಟ್ಟೆ. ಅರೆಹೊಟ್ಟೆಯ ಬ್ಯಾಟರಿಯ ಸೀಸದ ಫಲಕಗಳ ಮೇಲೆ ಸಲ್ಫೇಟಿನ ಬಿಳಿ ಹರಳು ಗಟ್ಟಿಯಾಗುತ್ತ ಹೋಗುತ್ತದೆ. ಸಾಯುವ ಬ್ಯಾಟರಿಗಳಲ್ಲಿ ಎಷ್ಟೋ ಹೀಗೇ ಸಾಯುತ್ತವೆ. ಹೊಸ ಬ್ಯಾಟರಿ ತಂದಿಟ್ಟಿದ್ದರೆ ಅದಕ್ಕೂ ಇದೇ ಗತಿ.

ಪಡಸಾಲೆಯ ಮೂಲೆಯಲ್ಲಿ ಮರದ ಮಣೆಯ ಮೇಲೆ ಕೂತಿದೆ 150 ಆಂಪಿಯರ್-ಅವರಿನ ಟ್ಯೂಬುಲರ್ ಬ್ಯಾಟರಿ. ಕಿಟಕಿ ತೆರೆಸಿ, ಒಲೆಯ ಕೊಳ್ಳಿ ಈ ಕಡೆ ತರಬೇಡಿ ಎಂದು ಕಾಕೂಗೆ ಹೇಳಿ, ಕೈಬೆರಳಿನ ಉಂಗುರ ತೆಗೆದು ಕಿಸೆಗೆ ಹಾಕಿಕೊಂಡು ಮಿಸ್ತ್ರಿ ಅದರ ಮುಂದೆ ಮಂಡಿಯೂರುತ್ತಾನೆ. ಚಾರ್ಜಾಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಒಂದು ಕಿಡಿ ಸಾಕು. ಎರಡು ತುದಿಗೆ ಪಾನಾ ಅಡ್ಡಬಿದ್ದರೆ ಲೋಹವೇ ಕೆಂಪಗೆ ಕಾಯುತ್ತದೆ. ಬಿಚ್ಚುವುದಕ್ಕೂ ಕ್ರಮವಿದೆ: ಪ್ಲೇಟಿನ ಮೇಲೆ ಗೋಣಿಚೀಲ ಹೊದಿಸಿ ಮೊದಲು ಅದರ ವೈರು ತೆಗೆಯುವುದು, ಆಮೇಲೆ ಬ್ಯಾಟರಿಯದು, ಕೂಡಿಸುವಾಗ ತಿರುಗುಮುರುಗು, ಬ್ಯಾಟರಿ ಮೊದಲು, ಪ್ಲೇಟು ಆಮೇಲೆ. ಬಿಸಿಲಿರುವ ತನಕ ಪ್ಲೇಟನ್ನು ಆರಿಸುವ ಸ್ವಿಚ್ಚು ಯಾರ ಕೈಯಲ್ಲೂ ಇಲ್ಲ ಎಂಬುದನ್ನು ಮನೆಯಲ್ಲಿ ಕೂಡಿಸುವ ಪ್ರತಿಯೊಬ್ಬರೂ ನೆನಪಿಡಬೇಕು.

ಪ್ಲಸ್ ತುದಿಯ ಲಗ್ಗಿನ ಸುತ್ತ ನೀಲಿ-ಬಿಳಿ ಹುಡಿ ಬೂಷ್ಟಿನ ಹಾಗೆ ಬೆಳೆದಿದೆ. ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಟೂತ್‌ಬ್ರಷ್ಷಿನಿಂದ ಉಜ್ಜಿದರೆ ಅದು ಬುಸುಬುಸು ನೊರೆಯೆದ್ದು ಕರಗುತ್ತದೆ. ಒಣಗಿಸಿ, ನಟ್ಟು ಬಿಗಿದು, ವ್ಯಾಸಲೀನು ಸವರಿದ್ದಾಯಿತು. ಮುಚ್ಚಳ ತೆಗೆದರೆ ಒಳಗೆ ನೀರು ಗೆರೆಗಿಂತ ಕೆಳಗೆ. ಬ್ಯಾಟರಿಯೊಳಗಿನ ಆರು ಮನೆಗಳಲ್ಲಿ ಒಂದೊಂದಕ್ಕೇ ಹೈಡ್ರೋಮೀಟರು ಇಳಿಯುತ್ತದೆ. ರಬ್ಬರ್ ಬುರುಡೆ ಒತ್ತಿ ಬಿಟ್ಟಾಗ ಗಾಜಿನೊಳಗೆ ಆಸಿಡ್ ಏರಿ, ಒಳಗಿನ ತೇಲುವ ಕಡ್ಡಿ ತೂಗಾಡಿ ನಿಲ್ಲುತ್ತದೆ. ‘ಕಾಕೂ, ನೀವ ಓದ್ರಿ’ ಎಂದು ಮಿಸ್ತ್ರಿ ಗಾಜನ್ನು ಅವರ ಕಣ್ಣೆತ್ತರಕ್ಕೆ ಹಿಡಿಯುತ್ತಾನೆ. ಕಾಕೂ ಸೆರಗಿನಿಂದ ಕೈ ಒರೆಸಿಕೊಂಡು ಬಂದು, ಒಂದು ಕಣ್ಣು ಕಿರಿದಾಗಿಸಿ ಓದುತ್ತಾರೆ: ‘ಹನ್ನೊಂದ ಎಂಬತ್ತು… ಇದು ಹನ್ನೊಂದ ಐವತ್ತು…’ ತುಂಬಿದ ಬ್ಯಾಟರಿ ಹನ್ನೆರಡು ನಲವತ್ತು, ಅಂದರೆ 1.240, ತೋರಿಸಬೇಕು. ಆರರಲ್ಲಿ ಯಾವುದೂ ಪೂರಾ ನೆಲ ಕಚ್ಚಿಲ್ಲ. ‘ಸತ್ತಿಲ್ರಿ ಇದು. ಉಪಾಸ ಐತಿ’ ಎಂದ ಮಿಸ್ತ್ರಿ. ಮಾಸ್ತರರ ಮುಖದ ಬಿಗುವು ಸಡಿಲಿದ್ದು ಆಗಲೇ.

ಹೊಸ ವೈರು ಎಳೆಯುವ ಹೊತ್ತಿಗೆ ಮಧ್ಯಾಹ್ನ. 6 ಚದರ ಮಿಲಿಮೀಟರಿನ ಆ ವೈರು ಬಗ್ಗಿಸಲು ಮೊಂಡು. ಕೊಟ್ಟಿಗೆಯ ತೊಲೆಗೆ ಕ್ಲಿಪ್ಪು ಹೊಡೆದು, ಅಂಗಳದ ಮೇಲೆ ಕಬ್ಬಿಣದ ತಂತಿಗೆ ಕಟ್ಟಿ, ತುದಿಗಳಿಗೆ ಲಗ್ಗು ಒತ್ತಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಕೂಡಿಸಬೇಕಾಯಿತು. ಪಕ್ಕಡದ ಕಟಕಟ, ಸುತ್ತಿಗೆಯ ಟಣಟಣ, ನಡುವೆ ಎಮ್ಮೆಯ ಒಂದು ಉದ್ದನೆಯ ಕೂಗು. ಮತ್ತೆ ಅಳೆದರೆ ದಾರಿಯಲ್ಲಿ ಕಾಣೆಯಾಗುವುದು ಒಂದು ವೋಲ್ಟಿಗಿಂತ ಕಡಿಮೆ. ಇಲ್ಲಿಗೆ ಮುಗಿಯಿತು ಅನ್ನುವಷ್ಟರಲ್ಲಿ, ಎರಡು ಗಂಟೆಯ ಸುಮಾರಿಗೆ, ಕ್ಲಾಂಪ್ ಮೀಟರಿನ ಅಂಕಿ ಏಳರಿಂದ ಎರಡಕ್ಕೆ ಕುಸಿಯಿತು. ಎಲ್ಲರೂ ಮೇಲೆ ನೋಡಿದರು. ನೈಋತ್ಯದ ಹಲಸಿನ ಮರದ ಒಂದೇ ಕೊಂಬೆಯ ನೆರಳು ಪ್ಲೇಟಿನ ಮೂಲೆಯ ಎರಡು ಚೌಕಗಳ ಮೇಲೆ ಬಂದು ಕೂತಿತ್ತು. 36 ಚೌಕಗಳೂ ಒಂದೇ ಸಾಲಿನಲ್ಲಿ ಕೈಹಿಡಿದು ನಿಂತಿರುವುದರಿಂದ ಒಂದು ನಿಂತರೂ ಹರಿವು ಕಟ್ಟುತ್ತದೆ.

ಮಾಸ್ತರರಿಗೆ ಅಚ್ಚರಿ. ಏಪ್ರಿಲಿನಲ್ಲಿ ಕೂಡಿಸುವಾಗ ಸಂಜೆವರೆಗೂ ನೆರಳಿನ ಸುಳಿವೇ ಇರಲಿಲ್ಲ. ಆಗ ಇರದಿದ್ದದ್ದು ಸಹಜವೇ. ಬೆಳಗಾವಿ ಸೀಮೆ ಇರುವುದು ಉತ್ತರಕ್ಕೆ 16 ಡಿಗ್ರಿ ಅಕ್ಷಾಂಶದ ಹತ್ತಿರ. ಮೇ ಮೊದಲ ವಾರ ನಡುಹಗಲಿಗೆ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ, ನಮ್ಮ ನೆರಳು ನಮ್ಮ ಕಾಲಡಿಗೇ ಬೀಳುತ್ತದೆ. ಅಲ್ಲಿಂದ ಆಗಸ್ಟ್‌ವರೆಗೆ ಅವನಿರುವುದು ನೆತ್ತಿಯಿಂದ ಉತ್ತರಕ್ಕೆ. ಮಳೆಗಾಲ ಕಳೆದ ಮೇಲೆ ದಕ್ಷಿಣಕ್ಕೆ ಜಾರುತ್ತ ಜಾರುತ್ತ ಡಿಸೆಂಬರಿನಲ್ಲಿ ನಡುಹಗಲಿಗೂ ದಿಗಂತದಿಂದ 51 ಡಿಗ್ರಿಯಷ್ಟೇ ಮೇಲಿರುತ್ತಾನೆ. ಬೇಸಿಗೆಯಲ್ಲಿ ಕಾಲ ಬುಡದಲ್ಲಿ ಮುದುರಿಕೊಂಡಿದ್ದ ಮರದ ನೆರಳು ಈಗ ಅಂಗಳದ ತುಂಬ ಕಾಲು ಚಾಚುತ್ತದೆ. ‘ಕೊಂಬಿ ಕಡದ ಬಿಡೂಣೇನು?’ ಮಾಸ್ತರರು ಕೇಳಿದರು. ಕಾಕೂ ಒಪ್ಪಲಿಲ್ಲ, ವರ್ಷವೂ ಹಪ್ಪಳಕ್ಕೆ ಕಾಯಿ ಕೊಡುವ ಮರ ಅದು. ಮಿಸ್ತ್ರಿಯೂ ಮರದ ಪಕ್ಷವೇ. ಡಿಸೆಂಬರಿನ ನೆರಳಿಗೂ ಸಿಗದಷ್ಟು ದೂರ ಅಂದಾಜು ಮಾಡಿ, ಪ್ಲೇಟನ್ನು ಕೊಟ್ಟಿಗೆಯ ಮೂಡಣ ತುದಿಗೆ ಸರಿಸಿ, ದಕ್ಷಿಣಕ್ಕೆ 16 ಡಿಗ್ರಿ ಓರೆ ಇಟ್ಟು ಬಿಗಿದರು.

ಚಹಾ, ಅವಲಕ್ಕಿಯ ತಟ್ಟೆಗಳ ನಡುವೆ ಕೊನೆಯ ಲೆಕ್ಕ ನಡೆಯಿತು. 165 ವ್ಯಾಟಿನ ಪ್ಲೇಟು, ದಿನಕ್ಕೆ ಐದು ತಾಸಿನ ಗಟ್ಟಿ ಬಿಸಿಲು. ಕಾವು, ವೈರು, ಬ್ಯಾಟರಿ ತಮ್ಮ ಪಾಲು ಮುರಿದುಕೊಂಡ ಮೇಲೆ ಮನೆಗೆ ದಕ್ಕುವುದು ಸುಮಾರು 550 ವ್ಯಾಟ್-ಅವರ್. ಖರ್ಚು? 9 ವ್ಯಾಟಿನ ನಾಲ್ಕು ದೀಪ ನಾಲ್ಕು ತಾಸು, 144. ಟಿವಿ ಎರಡು ತಾಸು, 80. ಹಳೆಯ 70 ವ್ಯಾಟಿನ ಫ್ಯಾನು ಏಳು ತಾಸು, 490. ಹಗಲು ರಾತ್ರಿ ಆನ್ ಇರುವ ಇನ್ವರ್ಟರು ಸುಮ್ಮನೆ ಕೂತೇ ತಾಸಿಗೆ ಹತ್ತರಂತೆ 240. ಕೂಡಿಸಿದರೆ 954. ಬರುವುದಕ್ಕಿಂತ ಹೋಗುವುದು 400 ಹೆಚ್ಚು. ಬ್ಯಾಟರಿ ಆ ಸಾಲವನ್ನು ಎಷ್ಟು ದಿನ ಹೊತ್ತೀತು? ಫ್ಯಾನನ್ನು 30 ವ್ಯಾಟಿನ ಬಿಎಲ್‌ಡಿಸಿ ಮೋಟಾರಿನದಕ್ಕೆ ಬದಲಿಸುವುದು, ಇನ್ವರ್ಟರನ್ನು ರಾತ್ರಿಯ ಒಂಬತ್ತು ತಾಸಿಗಷ್ಟೇ ಹಚ್ಚುವುದು ಎಂದು ತೀರ್ಮಾನವಾಯಿತು. ಆಗ ಖರ್ಚು 524ಕ್ಕೆ ಇಳಿಯುತ್ತದೆ. ಉಪವಾಸವಿದ್ದ ಬ್ಯಾಟರಿ ಚೇತರಿಸಿಕೊಳ್ಳಲು ಮೂರು ದಿನ ಒಂದೆರಡು ದೀಪ ಬಿಟ್ಟರೆ ಬೇರೇನೂ ಹಚ್ಚಬಾರದು. ದಿನವೂ ಬೆಳಿಗ್ಗೆ ಬ್ಯಾಟರಿಯ ವೋಲ್ಟು, ತಿಂಗಳಿಗೊಮ್ಮೆ ನೀರು ಮತ್ತು ಹೈಡ್ರೋಮೀಟರಿನ ಅಂಕಿ ಬರೆದಿಡಬೇಕು. ಹಾಲಿನ ಲೆಕ್ಕ ಬರೆಯುವ ವಹಿಯ ಹಿಂದಿನ ಹಾಳೆಯಲ್ಲಿ ಕಾಕೂ ಆಗಲೇ ಗೆರೆ ಎಳೆದುಕೊಂಡಿದ್ದರು. ನಾಲ್ಕನೆಯ ದಿನ ಅವರೇ ಫೋನು ಮಾಡಿ ಹೇಳಿದರು: ಕಂಟ್ರೋಲರಿನಲ್ಲಿ 14.4 ಬಂದಿದೆ, ಹೈಡ್ರೋಮೀಟರಿನಲ್ಲಿ ಆರೂ ಮನೆ ಹನ್ನೆರಡರ ಮೇಲೆ ಏರಿವೆ.

ಪ್ಲೇಟಿನಷ್ಟೇ ಅದನ್ನು ನೋಡಿಕೊಳ್ಳುವ ಕೈಯೂ ಬೇಕೆಂಬ ಈ ಪಾಠ ಕರ್ನಾಟಕಕ್ಕೆ ಹೊಸದಲ್ಲ. 1995ರಲ್ಲಿ ಸೆಲ್ಕೋ ಎಂಬ ಸೋಲಾರು ಕಂಪನಿ ಕಟ್ಟಿದ, ಮುಂದೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆ ಮತ್ತು ಅವರ ಜೊತೆಗಾರರು ನಮ್ಮ ಹಳ್ಳಿಗಳಲ್ಲಿ ಬಡವರ ಮನೆಗೂ ಸೋಲಾರು ದೀಪ ಒಯ್ದಾಗ, ದೀಪದ ಜೊತೆಗೆ ಬ್ಯಾಂಕಿನ ಸಾಲವನ್ನೂ, ಕೆಟ್ಟರೆ ಮನೆಬಾಗಿಲಿಗೆ ಬಂದು ನೋಡುವ ಕೈಯನ್ನೂ ಒಯ್ದರು. ಸಾಲದ ದಾರಿ ಆಮೇಲೆ ಅಗಲವಾಯಿತು, ಪ್ಲೇಟಿನ ಬೆಲೆ ಇಳಿಯಿತು, ಸಹಾಯಧನ ಬಂತು. ನೋಡುವ ಕೈ ಮಾತ್ರ ಕಾಡಂಚಿನ ಊರುಗಳಲ್ಲಿ ಇನ್ನೂ ಅಪರೂಪ. ಮಣ್ಣಿನ ಕಸುಬನ್ನು ಸಂಸ್ಥೆ ಕಟ್ಟಿ ಕಲಿಸಿದ ತಾಲ್ಲೂಕು ಇದು. ಬಿಸಿಲಿನ ಕಸುಬನ್ನೂ ಹಾಗೆಯೇ ಕಲಿಸಬಹುದು. ಪಂಚಾಯ್ತಿಗೆ ಒಬ್ಬ ಹುಡುಗ ಅಥವಾ ಹುಡುಗಿ, ಕೈಯಲ್ಲೊಂದು ಮೀಟರು, ಅಂಗಡಿಯ ಕಟ್ಟೆಯ ಮೇಲೆ ಎಷ್ಟು ದೂರಕ್ಕೆ ಎಷ್ಟು ದಪ್ಪದ ವೈರೆಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದ ಒಂದು ಹಾಳೆ: ಇಷ್ಟಿದ್ದರೆ ಎಷ್ಟೋ ಮನೆಗಳ ಹದಿನೈದು ಸಾವಿರ ಉಳಿಯುತ್ತದೆ. ವೈರು ಎಳೆದ ದಿನ, ಸುರುಳಿಯ ಬಿಲ್ಲು ಕೊಡಲು ಸಂಜೆ ಖಡೇ ಬಜಾರಿಗೆ ಮರಳಿದಾಗ ಮಿಸ್ತ್ರಿ ಅಂಗಡಿಯವರಿಗೆ ಕೇಳಿದ್ದೂ ಅದನ್ನೇ. ಹಾಳೆ ಬರೆದುಕೊಟ್ಟರೆ ಗೋಡೆಗೆ ಹಚ್ಚುತ್ತೇನೆ ಎಂದು ಅವರು ಒಪ್ಪಿದ್ದಾರೆ. ಬರೆಯುವ ಕೆಲಸವನ್ನು ಮಾಸ್ತರರು ವಹಿಸಿಕೊಂಡಿದ್ದಾರೆ.